ಸಿಹಿಯಿಲ್ಲದ ಕಬ್ಬು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಂಗಿ ಕೂತಿದ್ದರು. ತಂಗಿಗೆ ಕಬ್ಬಿನ ಸಂಶೋಧನಾ ಕೇಂದ್ರದಲ್ಲಿ ಕೆಲಸವೆಂದು ಮಾತಿನಿಂದಲೇ ತಿಳಿಯಿತು.

"ಕಾಡು ಕಬ್ಬನ್ನ ನಮ್ಮ ಕಬ್ಬಿನ ಜೊತೆ ಕೂಡಿಸಿ ಬೆಳೆಸಿದ್ದು ಕಣೇ ಅಕ್ಕಾ. ಬೇಸಿಗೆಯಿಡೀ ನೀರಿಲ್ದೆ ಹಸಿರಾಗಿ ನಿಂತಿತ್ತು."

"ಮತ್ಯಾಕೆ ಮುಖ ಊದಿಸ್ಕೊಂಡಿದ್ದೀಯ?"

"ಸಾಹೇಬ್ರು ಒಂದು ತುಂಡು ಜಗಿದು ಉಗಿದ್ರು. ಸಿಹಿ ಇಲ್ಲ, ಕಿತ್ತುಹಾಕಿ ಅಂದ್ರು."

"ಸಿಹಿ ಇರ್ಲಿಲ್ಲ ತಾನೆ?"

"ಮೊದಲನೇ ತಲೆಮಾರಿಗೇ ಎಲ್ಲಿಂದ ಬರುತ್ತೆ? ಇನ್ನೂ ಎಷ್ಟೋ ಸಲ ಸಿಹಿ ಕಬ್ಬಿನ ಜೊತೆ ಕೂಡಿಸ್ಬೇಕು. ಹುಟ್ಟಿದ ಕೂಸು ಓಡ್ಲಿಲ್ಲ ಅಂತ ಬೈದ ಹಾಗಾಯ್ತು."

"ಎಲ್ಲಾ ಕಿತ್ತಾಯ್ತಾ?"

ತಂಗಿ ಕಾಲ ಬಳಿಯ ಚೀಲ ತೋರಿಸಿದಳು. "ಒಂದು ಬುಡ ತಂದಿದ್ದೀನಿ. ನಿನ್ನ ಹಿತ್ತಲಲ್ಲಿ ನೆಡ್ಲಾ?"

"ಅಯ್ಯೋ, ಅದಕ್ಕೆ ನೀರು ಹಾಕೋರ್ಯಾರೇ?"

"ಇಷ್ಟೊತ್ತು ನಾನು ಹೇಳಿದ್ದೇನು!"

ಅವರ ಸ್ಟಾಪು ಬಂತು. ಅಕ್ಕ ಆ ಚೀಲವನ್ನು ತಾನೇ ಎತ್ತಿಕೊಂಡು ಇಳಿದಳು.