ಬೆಡಗು ಕೇಳುವ ಪರೀಕ್ಷೆ

…ಇಲ್ರಿ ಶಿವಯೋಗಿಯವರ, ಪ್ರಶ್ನೆ ತಪ್ಪಲ್ಲ. "ಮಧುಮತಿ, ನೀವು ಲ್ಯಾಬಿನ್ಯಾಗ ಖರೆ ಏನ್ ಮಾಡ್ತೀರಿ?" ಅಷ್ಟ ಹೌದಲ್ರಿ? ನಿಮಗಿಂತ ಮೊದಲ ಕನ್ಯಾ ನೋಡಾಕ ಬಂದವ್ರು ಒಬ್ಬರೂ ಇದನ್ನ ಕೇಳಲಿಲ್ಲ. ಅಡಿಗಿ ಬರ್ತದೇನು ಅಂತ ಕೇಳಿದ್ರು. ನಾನು ಅವರ ಗಂಟಲಿನ ಸ್ಯಾಂಪಲ್ ಕೇಳಿದೆ. ಹೋದ್ರು.

ಗಾಬರಿ ಆಗಬ್ಯಾಡ್ರಿ, ನಿಮಗ ಕೇಳಂಗಿಲ್ಲ. ನಿಮ್ಮವ್ವ ಭಾಗವ್ವಾರು, ನಮ್ಮಪ್ಪಾರು ಕೂಡೇ ನಮ್ಮನ್ನ ಮಾಳಗಿಗೆ ಕಳಿಸ್ಯಾರ, ಮಾತಾಡ್ರಿ ಅಂತ. ಮಾತಾಡೂಣು. ಬನಹಟ್ಟಿ ಮಗ್ಗದ ಸಪ್ಪಳದಾಗ ಕೆಳಗ ಯಾರಿಗೂ ಕೇಳಂಗಿಲ್ಲ.

ನೋಡ್ರಿ, ಉಸಿರಿನ ಬ್ಯಾನಿ ತರೂ ವೈರಸ್ಸುಗಳಿಗೂ ಮನೆತನ ಇರ್ತಾವ. ಕೊರೊನಾ ಅಂದ್ರ ಒಬ್ಬಾಂವ ಅಲ್ಲ. ಆ ಮನ್ಯಾಗ ಬರೇ ನೆಗಡಿ ತರೂ ಸಾಧು ತಮ್ಮ ಅದಾನ, ಊರ ನುಂಗೂ ಅಣ್ಣ ಅದಾನ, ಇನ್ನೂ ಹೆಸರಿಡದ ಕೂಸೂ ಇರಬಹುದು. ಸಾಮಾನ್ಯ ಪರೀಕ್ಷೆ ಒಬ್ಬನ ಮಾರಿ ಮಾತ್ರ ಗುರ್ತು ಹಿಡೀತದ. ಅಂವ ಮೀಸಿ ಬೋಳಿಸಿಕೊಂಡು ಬಂದ್ರ… "ಇಂವ ಯಾರೋ!" ನನಗ ಸಿಟ್ಟು ಬರೂದು ಅಲ್ಲೇ. ಇಡೀ ಮನೆತನ ಗೊತ್ತಿದ್ದೂ ಒಬ್ಬನ್ನ ಹುಡುಕ್ತಾ ಕುಂದರೂದು!

ಈಗ ಈ ಸಂಬಂಧ ತಂದ ಮುದಕಪ್ಪ ಕಾಕಾ ಮೊದಲ ಏನ್ ಕೇಳಿದ್ರು? ಮಾರಿ ನೋಡಿದ್ರೇನು? ಅಡ್ಡಹೆಸರು? ಊಂಹೂಂ. ಬೆಡಗು, ಗೋತ್ರ ಇದ್ದಂಗ! ಅಡ್ಡಹೆಸರು ಊರಿಗೊಂದು ಆಗ್ತದ, ಕಸಬಿಗೊಂದು ಆಗ್ತದ; ಬೆಡಗು ಬದಲಾಗಂಗಿಲ್ಲ. ಒಂದ ಬೆಡಗು ಅಂದ್ರ ಅಣ್ಣತಮ್ಮಂದಿರು, ಲಗ್ನ ಆಗಂಗಿಲ್ಲ. ಚಹಾ ಕುಡದು ಎದ್ದು ಹೋಗೂದು. ನನ್ನ ಪರೀಕ್ಷೆನೂ ಅದನ್ನ ಕೇಳ್ತದ. ವೈರಸ್ಸು ತನ್ನ ನಕಲು ತಾನು ಮಾಡಿಕೊಳ್ಳಾಕ ಬೇಕಾದ ಜೀನು ಒಂದೈತಿ. ಅಲ್ಲಿ ಭಾಳ ಬದಲಾದ್ರ ಅದು ಬದುಕಂಗಿಲ್ಲ. ಅಲ್ಲೇ ಹೋಗಿ ಅಂಟಿಕೊಳ್ಳೂ ಸಣ್ಣ ಡಿಎನ್‌ಎ ತುಣುಕು ಕಟ್ಟತೇನಿ. ಅಣ್ಣತಮ್ಮರೊಳಗ ಹೆಚ್ಚುಕಡಿಮಿ ಇರೂ ಜೀನಿನ ಅಕ್ಷರದ ಜಾಗಾದಾಗ ಮಾತ್ರ, ಇದಾದ್ರೂ ನಡೀತದ, ಅದಾದ್ರೂ ನಡೀತದ ಅಂತ ಸಡಿಲ ಬಿಡೂದು.

ಏನು? ಸಡಿಲ ಜಾಸ್ತಿ ಆದ್ರ? …ಅಯ್ಯ! ಮುಧೋಳದ ಬೆಲ್ಲದ ವ್ಯಾಪಾರಿ ಅಂದಿದ್ರಲ್ರಿ ನಿಮ್ಮನ್ನ! ಆಗಿತ್ತರಿ ಹಂಗ. ನನ್ನ ಮೊದಲನೇ ಪರೀಕ್ಷೆ ಬರೇ ನೀರಿಗೂ ಹೂಂ ಅಂತು. ಎಲ್ಲಾದಕ್ಕೂ ಹೂಂ ಅಂದ್ರ ಅದು ಪರೀಕ್ಷೆ ಅಲ್ಲ, ಹೊಸಾ ಅಳಿಯ.

ಬಿಗಿ ಮಾಡಿದೆ. ನಿನ್ನೆ ಜಮಖಂಡಿಯ ಲ್ಯಾಬಿನ್ಯಾಗ ಕೆಮ್ಮೂ ಮಂದಿ ಸ್ಯಾಂಪಲ್ ಹಚ್ಚಿದೆ. ಅದರ ಜೋಡಿ "ಇಲ್ಲ" ಅನ್ನೂವಂಥಾದ್ದೂ ಒಂದು ಬೇಕಲ್ರಿ. ಬ್ಯಾನಿ ಇಲ್ಲದ ಒಬ್ಬಾಕಿ ಹುಡುಗಿ ಮೂಗಿಂದ ತಗೊಂಡೆ. ಕೆಮ್ಮಿಲ್ಲ, ಜ್ವರ ಇಲ್ಲ, ಕಲ್ಲಿನಂಗ ಇದ್ಲು. ಆಕೀದು ಹೊಳೀತು, ಅಂದ್ರ ಹೂಂ ಅಂತು! ಮತ್ತ ಹಚ್ಚಿದೆ, ಮತ್ತ ಹೊಳೀತು. ಬಾಜೂಕ ನೀರಿನ ನಳಿಗಿ ಸುಮ್ಮನ ಇತ್ತು. ಅಂದ್ರ ಪರೀಕ್ಷೆ ಗೆದ್ದಿತು! ಖುಷಿ ಪಡಬೇಕಲ್ರಿ?

ಯಾವ ವೈರಸ್ಸು ಅಂತೀರಿ? ಅದು ಮನೆತನ ಹೇಳ್ತದ, ಹೆಸರು ಹೇಳಂಗಿಲ್ಲ. ಹೆಸರು ಬೇಕಂದ್ರ ಅಕ್ಷರ ಪೂರಾ ಓದಿಸಬೇಕು, ನಾಕಾರು ದಿನ ಹಿಡೀತಾವ. ಸಾಧು ತಮ್ಮನ ಇರಬೇಕು… ಹೆಚ್ಚಾಗಿ.

…ಆ ಹುಡುಗಿ ಈಗ ಎಲ್ಲಿ ಅದಾಳ ಅಂತ ಕೇಳ್ರಿ ಬೇಕಾದ್ರ. ಕೇಳಂಗಿಲ್ಲ? ಹಂಗ್ಯಾಕ ನೋಡ್ತೀರಿ? ಲ್ಯಾಬಿನ್ಯಾಗ ಹುಡುಗ್ಯಾರು ಭಾಳ ಮಂದಿ… ಇಲ್ಲ. ಒಬ್ಬಾಕಿನ.

ಹೌದು. ನನ್ನ ಮೂಗು.

ನೋಡಾಕ ಬಂದವ್ರು ಬ್ಯಾರೆ ಯಾರರ ಆಗಿದ್ರ ಹೊಸ್ತಿಲದಾಗ ಹೇಳಿ ಹೊಳ್ಳಿಸಿ ಕಳಿಸ್ತಿದ್ದೆ, ಕುಣಕೊಂತ ಹೇಳ್ತಿದ್ದೆ! ಆದ್ರ ಇವತ್ತ ತಪ್ಪಿತಂದ್ರ ಕಾಕಾ ನಿಮ್ಮನ್ನ ನಾಳೆ ಬೀಳಗಿಗೆ ಕರಕೊಂಡು ಹೋಗ್ತಿದ್ರು, ಅಲ್ಲಿ ಇನ್ನೊಂದು ಕನ್ಯಾ ನೋಡಾಕ. ನಾ ನಿಮ್ಮ ಫೋಟೋ ನೋಡಿದ್ದೆ… ಭಾಳ ಸಲ ನೋಡಿದ್ದೆ. ಸುಮ್ಮನ ಉಳದೆ. ವಿಜ್ಞಾನ ಓದಿದಾಕಿ! ನಿಮ್ಮವ್ವಾರಿಗೆ ದಮ್ಮು ಐತಿ ಅಂತ ಗೊತ್ತಿರಲಿಲ್ರಿ. ಅವರು ಚೀಲದಾಗಿಂದ ಇನ್ಹೇಲರ್ ತಗದಾಗ ನೋಡಿದೆ; ಅಷ್ಟೊತ್ತಿಗೆ ನನ್ನ ಮಗ್ಗಲಕ ಕುಂದರಿಸಿಕೊಂಡು ಹೂವ ಮುಡಿಸಾಕತ್ತಿದ್ರು…

ಏಳಬ್ಯಾಡ್ರಿ! ನೀವು ಹೇಳೂದು ಬ್ಯಾಡ. ನಾನ ಹೇಳ್ತೇನಿ, ಇಲ್ಲೇ ಮೆಟ್ಟಲದ ಮ್ಯಾಲಿಂದ, ಎಲ್ಲಾರಿಗೂ ಕೇಳೂಹಂಗ. ಆಮ್ಯಾಲ ಬೀಳಗಿಗಾದ್ರೂ ಹೋಗ್ರಿ, ಎಲ್ಲಿಗಾದ್ರೂ ಹೋಗ್ರಿ.

ಅತ್ತೀ! ಅತ್ತೀ, ಲಗೂನ ಹೊರಗ ಗಾಳ್ಯಾಗ ಬರ್ರಿ! ಮೂಗಿಗೆ ಸೆರಗು ಹಿಡೀರಿ! ಸಂಜಿತನಕ ಕಾಯಬ್ಯಾಡ್ರಿ, ಈಗ ಡಾಕ್ಟರ ಕಡೆ…

ತಡೀರಿ. ಶಿವಯೋಗಿಯವರ… ಏನಂತ ಕರದೆ ನಾ ಈಗ ನಿಮ್ಮವ್ವಾರನ್ನ?