ಒಗೆಯೋ ಕಲ್ಲಿನ ಮುಂದೆ ಆಡಿದ ಮಾತು

ಅಲ್ಲ ಕಣ್ಲಾ, ಅಂಟ್ಕಳಾಕೆ ಹುಚ್ಚೇನು ಕಜ್ಜಿಯಾ? ನಿಮ್ಮ ಮುತ್ತಜ್ಜಿ, ಅದೇ ನಮ್ಮತ್ತೆ, ಅವ್ಳೂ ಅಂಗೇ ನಂಬ್ಕಂಡಿದ್ಲು. ಆಗ ನಾನು ಹನೂರು ಕಡೆ ಆಸ್ಪತ್ರೇಲಿ ತಲೆ ಕೆಟ್ಟೋರ ವಾರ್ಡಿನ ನರ್ಸು. ಕೊಳ್ಳೇಗಾಲ ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಸ ಆಗಿತ್ತೋ, ಅಲ್ಲಲ್ಲ, ಏಳೋ, ಅದಿರ್ಲಿ. ಬಸ್ಸಿಳಿದು ಕೊಳ್ಳೇಗಾಲದ ಮನೆ ಬಾಗ್ಲಿಗೆ ಬಂದ್ರೆ ಅತ್ತೆ ಒಳಗಿಂದ್ಲೇ ಕೂಗೋಳು, “ಇತ್ಲಿಗೋಗು, ಒಗೆಯೋ ಕಲ್ಲಿನ ತಾವ ನೀರುಯ್ಕಂಡು ಸೀರೆ ಒಗ್ದು ಆಮ್ಯಾಕೆ ಬಾ.” ನಂಗೋ ರೇಗೋಗೋದು. ಬೆಳಿಗ್ಗಿಂದ ವಾರ್ಡಲ್ಲಿ ಒಬ್ಳು ಮೊಕಕ್ಕೆ ಉಗ್ದಿರೋಳು, ಇನ್ನೊಬ್ಳು ನನ್ನೇ ಸತ್ತೋದ ಮಗಳು ಅನ್ಕಂಡು ಕೈ ಬುಡ್ದೆ ಅಳೋಳು. ಅಲ್ಲಿ ರೇಗಂಗಿಲ್ಲ, ಅಳಂಗಿಲ್ಲ, ಎಲ್ಲಾನೂ ನುಂಗ್ಕಂಡು ಬರ್ಬೇಕು. ರಾತ್ರಿ ನಿದ್ದೆ ಅನ್ನೋದೇ ಇಲ್ಲ, ಗೊತ್ತಾ. ಇಂಗೇ ಆದ್ರೆ ಕೆಲ್ಸ ಬುಡಬೇಕಾಯ್ತದೆ ಅನ್ನೋ ಭಯ. ಬುಡಾಕೆ ಮನ್ಸಿಲ್ಲ. ಆ ಅಳೋಳು, ಚಿಕ್ಕತಾಯಮ್ಮ ಅಂತ, ನಾನು ತಿನ್ಸಿದ್ರೆ ಮಾತ್ರ ಉಣ್ಣೋಳು.

ಒಂದಿನ ಕಲ್ಮೇಲೆ ಸೀರೆ ಬಡೀತಾ ಬಡೀತಾ ಬಾಯಿಂದ ಬಂದೇ ಬುಡ್ತು. “ಉಗೀತೀಯಾ? ಉಗಿ. ನಾಳೆನೂ ಬತ್ತೀನಿ.” ಒಂದೇಟಿಗೊಂದು ಮಾತು. ಎದೆ ಅಗುರಾಯ್ತು, ಅವತ್ತು ನಿದ್ದೇನೂ ಬಂತು. ಆಮ್ಯಾಕೆ ದಿನಾ ಅದೇ. ಅತ್ತೆ ಕೇಳಿಸ್ಕಂಡ್ಳು ನೋಡು, ಮಗ್ಗದಲ್ಲಿ ಕುಂತಿದ್ದ ನಿಮ್ಮ ತಾತನ ತಾವ್ಕೆ ಓಡುದ್ಲು. “ನಾನೇಳ್ಳಿಲ್ವಾ? ನಿನ್ನೆಂಡ್ರಿಗೂ ಅಂಟ್ಕಂಡದೆ ಕಣ್ಲಾ. ಕಲ್ಲಿನ ಕುಟ್ಟೆ ಮಾತಾಡ್ತಾವ್ಳೆ. ನಾಳೆಯಿಂದ ಕೆಲ್ಸ ಬುಡ್ಸು.” ತಾತ, ಪಾಪ, ಲಾಳಿ ಕೆಳಗಿಟ್ಟ. ನಾನು ಒದ್ದೆ ಸೀರೇಲೇ ಬಂದು ಏಳ್ದೆ, “ಕೆಲ್ಸ ಬುಡಾಕಿಲ್ಲ ಅತ್ತೆ. ಕಲ್ಲಿನ ಕುಟ್ಟೆ ಆಡಿದ್ರೆ ಹುಚ್ಚು ಅಂತೀರ, ಸರಿ. ನೀವೇ ಬಂದು ಕುಂತ್ಕಳಿ, ನಿಮ್ಮ ಕುಟ್ಟೆ ಆಡ್ತೀನಿ.”

ಮಾರ್ನೆ ದಿನ ಅತ್ತೆ ಮೊಕ ಊದಿಸ್ಕಂಡು ಬಂದು ದೂರ್ದಲ್ಲಿ ಕುಂತ್ಲು, ರೇಷ್ಮೆ ನೂಲು ಸುತ್ಕಂಡು. ನಾನು ಒಗೀತಾ ವಾರ್ಡಿನ ಮಾತೆಲ್ಲಾ ಆಡ್ತಾ ಓದೆ, ಉಗ್ದಿದ್ದು, ಅತ್ತಿದ್ದು, ಚಿಕ್ಕತಾಯಮ್ಮ ಉಂಡಿದ್ದು, ಎಲ್ಲಾನೂವೆ. ಅವ್ಳು ಎದ್ದೋಗ್ಲಿಲ್ಲ, ನೂಲು ಸುತ್ತಾನೇ ಇದ್ಲು. ಅಂಗೇ ದಿನಾ. ಒಂದಿನ ಬಸ್ಸಿಳಿದು ಬತ್ತೀನಿ, ಬಾಗ್ಲಲ್ಲೇ ನಿಂತವ್ಳೆ. ನಾನು ಒಗೆಯೋ ಕಲ್ಲಿನ ಕಡೀಕೆ ತಿರುಗ್ದೆ. ಕೈ ಇಡ್ದು ಒಳಕ್ಕೆ ಎಳ್ಕಂಡ್ಳು. “ಸೀರೆ ಆಮ್ಯಾಕೆ ಒಗ್ದೀಯೆ, ಕುಂತ್ಕ. ಚಿಕ್ಕತಾಯಮ್ಮ ಇವತ್ತು ಉಂಡ್ಲಾ?”

ಅತ್ಬುಟ್ಟೆ ಕಣ್ಲಾ. ರಿಟೈರಾಗೋಗಂಟ ಅದೇ ವಾರ್ಡಲ್ಲಿದ್ದೆ. ಅದ್ಕೇ ಏಳಾದು, ದುಡ್ಕಂಡು ಬಂದೋರ್ನ ಮೊದ್ಲು ಕೂರ್ಸಿ, ಅವ್ರು ಏಳಾದ ಕೇಳಿ. ನಿಮ್ಮವ್ವ ಕೆಲ್ಸ ಮುಗಿಸ್ಕಂಡು ಬಂದ್ಳು ನೋಡು, ಓಗಿ ನೀರು ಕೊಡು.