ಹೊಳಬಸಪ್ಪನ ಕೈಯ ಗಿಣಿ

ಸಭಾಕ್ಕ ಬಂದ ಹಿರಿಯರಿಗೆ, ಕಲಘಟಗಿಯ ನಮ್ಮ ಕಸಬಿನ ಎಲ್ಲಾ ಬಂಧುಗಳಿಗೆ, ಆ ಕಂಬದ ಬಾಜೂಕ ಕೂತ ಹೊಳಬಸಪ್ಪನ ಹೆಂಡತಿ, ನನಗ ತಂಗಿ ಇದ್ದಂಗ ಇರೂ ಕಸ್ತೂರೆವ್ವಗ, ಅವರ ಮಗಳು ರೇವವ್ವಗ — ಮಹಬೂಬಸಾಬನ ನಮಸ್ಕಾರ.

ದಿವಂಗತ ಹೊಳಬಸಪ್ಪನವರ ಆತ್ಮಕ್ಕ ಶಾಂತಿ ಸಿಗಲಿ ಅಂತ ನನಗಿಂತ ಮೊದಲ ಮಾತಾಡಿದವರು ಹೇಳಿದ್ರು. ಸಿಗಲಿ. ನನಗಂತೂ ಶಾಂತಿ ಇಲ್ಲ. ನನಗ ಸಿಟ್ಟು ಬಂದೈತಿ.

ಮೀಸಿ ಮೂಡಿದಾಗಿಂದ ತೊಟ್ಟಿಲದ ಕಟಗಿ ಕೆಲಸ ನಂದು, ಬಣ್ಣಾ ಅವಂದು. ಅವನ ಹಸರ ಗಿಣಿ ನೋಡಿದ್ರ ಕೂಸು ಅಳೂದು ಮರೀತಿತ್ತು. ಒಮ್ಮೆ ಹಿಂಗ — ಎದಿಮ್ಯಾಲ ಕೈ ಇಟಗೊಂಡು ಗ್ವಾಡಿಗೆ ಆತು ಕೂತಿದ್ದ. ಏನಲೇ ಅಂದೆ. ‘ಬಣ್ಣಾ ಕಲಸಾಕತ್ತೇನಿ, ಮಹಬೂಬಣ್ಣಾ’ ಅಂದ. ಅವನ ಮುಂದ ಬಣ್ಣದ ಬಟ್ಟಲಾನ ಇರಲಿಲ್ಲ.

ಸಣ್ಣಂವಿದ್ದಾಗ ಜ್ವರಾ ಬಂದು, ಮೊಣಕಾಲು ಬಾತು, ಅವನ ಹೃದಯದ ಕವಾಟ ಕೆಟ್ಟಿತ್ತು. ಹುಬ್ಬಳ್ಳಿ ಡಾಕ್ಟರು ಅವನನ್ನ, ಅವನ ಅಣ್ಣ ಈರಬಸಪ್ಪನನ್ನ ಇಬ್ಬರನೂ ಕುಂದ್ರಿಸಿ ಹೇಳಿದ್ರು — ಹಲ್ಲು ಕೀಳಸೂದಿದ್ರ ಮೊದಲ ಈ ಬ್ಯಾನಿ ಹೇಳ್ರಿ, ಮೊದಲ ಪೆನಿಸಿಲಿನ್ ತಗೋರಿ, ಆಮ್ಯಾಲ ಬಾಯಿ ತೆಗೀರಿ ಅಂತ. ವಸಡಿನಾಗಿನ ಕ್ರಿಮಿ ರಕ್ತಕ್ಕ ಸೇರತಾವಂತ. ಗಟ್ಟಿ ಎದಿ ಇದ್ದವರಿಗೆ ಏನೂ ಆಗಂಗಿಲ್ಲ. ಕೆಟ್ಟ ಕವಾಟಕ್ಕ ಕೂತೂ ಅಂದ್ರ ತಿಂತಾವ, ನಮ್ಮ ಕಟಗಿಗೆ ಹುಳಾ ಹೊಕ್ಕಂಗ.

ಆದ್ರ ಮನ್ಯಾಗ ಬಾಯಿ ಮುಚ್ಚಿಸಿದ್ರು. ಯಾಕ? ನಿಮಗೆಲ್ಲಾರಿಗೂ ಗೊತ್ತೈತಿ ಯಾಕ. ರೋಗಿಷ್ಠನ ಕೈಯಾಗ ಬಣ್ಣಾ ಬರಸಿದ ತೊಟ್ಟಿಲದಾಗ ಕೂಸು ಹಾಕಬಾರದು — ಇದ ಮಾತು! ಮನ್ಯಾಗ ಟಿವಿ ತಂದ್ರಿ, ತಲ್ಯಾಗಿಂದು ಇದೊಂದು ಹೊರಗ ಹೋಗಲಿಲ್ಲ. ತೊಟ್ಟಿಲಾ ಒಯ್ಯೂ ಮುಂದ ಕಟಗಿ ಯಾವುದು ಅಂತ ಕೇಳಲಿಲ್ಲ, ಕೈ ಯಾರದು, ಗಟ್ಟಿ ಅದಾನೇನು ಅಂತ ಕೇಳಿದ್ರಿ.

ಮುಂದ ಹೊಳಬಸಪ್ಪನ ಹಲ್ಲು ನೋಯಾಕತ್ತು. ಅಣ್ಣ, ಹೆಂಡತಿ ಕೂಡಿ ಅವನ್ನ ಹಲ್ಲಿನ ಡಾಕ್ಟರ ಕಡೆ ಕರಕೊಂಡು ಹೋದ್ರು. ಅಲ್ಲಿ ಬಾಜೂಕ ಯಾರು ಕೂತಿದ್ರು? ತೊಟ್ಟಿಲಾ ಮಾಡಾಕ ಹೇಳಿ ಹೋದ ನವಲಗುಂದದ ಗಿರಾಕಿ. ಡಾಕ್ಟರು ಕೇಳಿದ್ರು, ಅವರಿಗೆ ನಾ ಬೈಯಂಗಿಲ್ಲ — ‘ಮೊದಲ ಏನರ ಜಡ್ಡು, ಎದಿ ಬ್ಯಾನಿ ಐತೇನು?’ ಅಣ್ಣ ಈರಬಸಪ್ಪ ಗಿರಾಕಿ ಮಾರಿ ನೋಡಿ ಅಂದ — ‘ಏನಿಲ್ರಿ. ಗುಂಡಕಲ್ಲು ಇದ್ದಂಗ ಅದಾನ.’

ಗುಂಡಕಲ್ಲು!

ಈರಬಸಪ್ಪಣ್ಣಾ, ಯಾಕ ತೆಳಗ ನೋಡ್ತಿ? ಮ್ಯಾಲ ನೋಡು. ಅಣ್ಣನ ಮಾತಿಗೆ ಹೊಳಬಸಪ್ಪ ಹೂಂ ಅಂದ. ಕಸ್ತೂರೆವ್ವ ಅಲ್ಲೇ ಇದ್ದಳು. ಭಾವ ಮಾತಾಡೂ ಮುಂದ ನಮ್ಮ ಕಡೆ ಹೆಣ್ಣುಮಗಳು ಹೆಂಗ ಬಾಯಿ ತೆಗೀಬೇಕು? ಸೆರಗು ಕಚ್ಚಿ ನಿಂತಳು. ಹಲ್ಲು ಕಿತ್ತು ಬಂತು. ಪೆನಿಸಿಲಿನ್ ಬರಲಿಲ್ಲ.

ಮುಂದ ದಿನಾ ಸಂಜೀಕ ಜ್ವರಾ, ಹಾಸಿಗಿ ತೊಯ್ಯೂವಂಥ ಬೆವರು. ದೃಷ್ಟಿ ಆಗೇತಿ ಅಂತ ಮೆಣಸಿನಕಾಯಿ ಸುಟ್ರು. ಮೆಣಸಿನಕಾಯಿ! ಹುಬ್ಬಳ್ಳಿಗೆ ಒಯ್ಯೂದ್ರಾಗ ಕವಾಟ ಹರದಿತ್ತು. ‘ಆವತ್ತ ಒಂದು ಮಾತು ಹೇಳಿದ್ರ ಬಹುಶಃ ಈ ಗತಿ ಬರತಿರಲಿಲ್ಲ’ ಅಂದ್ರು ಡಾಕ್ಟರು. ಒಂದ ಒಂದು ಮಾತು ರೀ.

ಈಗ ಕೇಳ್ರಿ. ನಿನ್ನೆ ಈ ಮನೀ ಹಿರಿಯರು ಮತ್ತೊಂದು ಮಾತು ಮುಚ್ಚಿಡಾಕ ಕೂಡಿದ್ರು. ರೇವವ್ವಗೂ ಅಪ್ಪನಂಗ ಮೊಣಕಾಲು ಬಾತಾವು. ಆಕೀ ಕವಾಟಕ್ಕೂ ಪೆಟ್ಟು ಬಿದ್ದೈತಿ. ‘ಹೇಳಿದ್ರ ಲಗ್ನಾನೂ ಹೋತು, ಬಣ್ಣದ ಕೆಲಸಾನೂ ಹೋತು’ ಅಂದ್ರು. ಇವತ್ತ ಮುಂಜಾನೆ ಕಸ್ತೂರೆವ್ವ ನಮ್ಮ ಹೊಸ್ತಲದಾಗ ಬಂದು ನಿಂತಳು. ‘ಅಣ್ಣಾ, ಸಭಾದಾಗ ನೀ ಹೇಳು. ಎಲ್ಲಾರಿಗೂ ಕೇಳಂಗ ಹೇಳು’ ಅಂದಳು.

ಹೇಳೇನಿ, ತಂಗೀ. ಎಲ್ಲಾರೂ ಕೇಳಿದ್ರಲ್ಲಾ? ಇನ್ನ ಈ ಹುಡುಗಿ ಹಲ್ಲು ಕೀಳಸಾಕ ಹೋದ್ರ, ಬಾಜೂಕ ನೀವು ಯಾರರ ಕೂತಿದ್ರ, ಆಕಿ ಹೇಳೂಕ್ಕಿಂತ ಮೊದಲ ನೀವು ಹೇಳ್ರಿ.

ಹೊಳಬಸಪ್ಪನ ಕಡೀ ತೊಟ್ಟಿಲಾ ನನ್ನ ಅಂಗಡ್ಯಾಗ ಐತಿ. ಜೋಡಿ ಗಿಣಿಯೊಳಗ ಒಂದು ಬರದು ಹೋಗ್ಯಾನ. ಎರಡನೇದು ರೇವವ್ವ ಬರೀತಾಳ. ಆ ತೊಟ್ಟಿಲದಾಗ ನನ್ನ ಮಮ್ಮಗ ಮಲಗತಾನ. ನೋಡಾಕ ಬರ್ರಿ.

ಏಳ್ರಿ ಎಲ್ಲಾರೂ. ಈರಬಸಪ್ಪಣ್ಣಾ, ನೀನೂ ಏಳು. ಹೊಳಬಸಪ್ಪನ ಹೆಸರಿನ್ಯಾಗ ಸ್ವಲ್ಪ ಹೊತ್ತು ಮಾತಿಲ್ಲದ ನಿಲ್ಲೂಣು. ಈ ಬ್ಯಾನಿ ವಿಷಯದಾಗ ಈ ಊರು ಸುಮ್ಮನಿರೂದು ಇದ ಕಡೀ ಸಲ.